ಐವತ್ತು ಮಿಲಿಮೀಟರಿನ ಲೆಕ್ಕ

ಯಮಹಾ ಆರ್‌ಎಕ್ಸ್ 100ರ ಬೋರು, ಅಂದರೆ ಸಿಲಿಂಡರಿನ ಒಳವ್ಯಾಸ, 50 ಮಿಲಿಮೀಟರು, ಪಿಸ್ಟನ್ ಮೇಲಿಂದ ಕೆಳಕ್ಕೆ ಓಡುವ ದೂರವೂ 50 ಮಿಲಿಮೀಟರು. 1985ರಲ್ಲಿ ಬಂದು 1996ರ ಹೊತ್ತಿಗೆ ತಯಾರಿ ನಿಂತ ಈ ಬೈಕಿನ ಬೆನ್ನಿಗೆ ಬಂದ ಆರ್‌ಎಕ್ಸ್ 135ರಲ್ಲಿ ಬೋರು 58ಕ್ಕೆ ಹಿಗ್ಗಿತು; ಓಟದ ದೂರ ಮಾತ್ರ ಇದ್ದಷ್ಟೇ ಉಳಿಯಿತು. ಅಣ್ಣನ ಕ್ರ್ಯಾಂಕಿನ ಮೇಲೆ ತಮ್ಮನ ಸಿಲಿಂಡರ್ ಬ್ಲಾಕು ಕೂರಿಸುವ ಆಸೆ ಹುಟ್ಟಿದ್ದು ಈ ಹೊಂದಿಕೆಯಿಂದಲೇ. ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಲೇಔಟಿನ ಒಳರಸ್ತೆಗಳ ಗ್ಯಾರೇಜುಗಳಲ್ಲಿ ಹಳೆ ಬೈಕು ಬಲ್ಲವರು ಮಾಡುವ ಕೆಲಸಗಳಲ್ಲಿ ಇದೂ ಒಂದು: ಹಳೆ ಎಂಜಿನ್ನಿಗೆ ಮುಂದಿನ ತಲೆಮಾರಿನ, ಆದರೆ ಆಗಲೇ ಓಡಿ ಪಳಗಿದ ಬಿಡಿಭಾಗ ಜೋಡಿಸುವುದು. ಹೊರಗಿನವರ ಕಣ್ಣಿಗೆ ಇದು ತೇಪೆ. ಚೆನ್ನಾಗಿ ಮಾಡಿದಾಗ ಇದು ಅಳತೆಯ ಕಸುಬು, ಅದಕ್ಕಿಂತ ಹೆಚ್ಚಾಗಿ ಯಾವುದನ್ನು ಮುಟ್ಟಬಾರದೆಂದು ತಿಳಿದವರ ಕಸುಬು. ಎಂಜಿನ್ನಿನ ಬಲ ಹೆಚ್ಚಿಸುವ ಭಾಗಕ್ಕಿಂತ ಅದರ ಪಾಡು ತಗ್ಗಿಸುವ ಭಾಗಕ್ಕೇ ಬೆಲೆ ಹೆಚ್ಚು. ಪುರಾವೆ ಬೇಕೆಂದರೆ ಆ 58 ಮಿಲಿಮೀಟರಿನಲ್ಲೇ ಇದೆ.

ಬೋರು ಬದಲಾದರೆ 98 ಸಿಸಿ ಇದ್ದದ್ದು 132 ಆಗುತ್ತದೆ, ಪಿಸ್ಟನ್ ತಲೆಯ ವಿಸ್ತೀರ್ಣ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೆಳೆಯುತ್ತದೆ. ಆದರೆ ಕಂಪನಿಯೇ ಹಾಗೆ ಮಾಡಿದಾಗ ಸಿಕ್ಕಿದ್ದೆಷ್ಟು? ಆರ್‌ಎಕ್ಸ್ 100ಕ್ಕೆ 11 ಅಶ್ವಶಕ್ತಿ ಇದ್ದರೆ ನಾಲ್ಕು ಗೇರಿನ 135ಕ್ಕೆ ಸುಮಾರು 12, ಐದು ಗೇರಿನದಕ್ಕೆ ಸುಮಾರು 14. ಒಂದೇ ಬೋರಿನ ಎರಡು ಬೈಕುಗಳ ನಡುವೆಯೇ ಇಷ್ಟು ಅಂತರವಿದೆ ಎಂದಮೇಲೆ ಬಲದ ಗುಟ್ಟು ಬರಿಯ ಸಿಸಿಯಲ್ಲಿಲ್ಲ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೋರ್ಟು ಎಷ್ಟು ಎತ್ತರದಲ್ಲಿದೆ, ಕಾರ್ಬುರೇಟರ್ ಎಷ್ಟು ಉಸಿರಾಡುತ್ತದೆ, ಸೈಲೆನ್ಸರಿನ ಹೊಟ್ಟೆಯ ಆಕಾರ ಹೇಗಿದೆ ಎಂಬಿವೆಲ್ಲ ಸೇರಿ ಬಲವನ್ನು ತೀರ್ಮಾನಿಸುತ್ತವೆ. ಬರಿಯ ಬ್ಲಾಕು ತಂದವನು ಸಮಸ್ಯೆಗಳನ್ನೂ ಜೊತೆಗೇ ತಂದಿರುತ್ತಾನೆ. ಬ್ಲಾಕಿನ ಕೆಳಗಿನ ಕೊರಳು ಕ್ರ್ಯಾಂಕ್‌ಕೇಸಿನ ಬಾಯಿಗೆ ಇಳಿಯಬೇಕು. ಇಳಿಯದೆ ಲೇತಿನಲ್ಲಿ ಕೊರೆಸಿದರೆ ಗೋಡೆ ಎಷ್ಟು ಉಳಿದೀತೆಂದು ನೋಡಬೇಕು. ಪಿಸ್ಟನ್ ಭಾರವಾದರೆ ಹಳೆ ಕ್ರ್ಯಾಂಕಿನ ಬ್ಯಾಲೆನ್ಸ್ ತಪ್ಪುತ್ತದೆ. ಕಾರ್ಬುರೇಟರಿನ ಜೆಟ್ ಹಳೆಯದೇ ಉಳಿದರೆ ಪೆಟ್ರೋಲು ಸಾಲದೆ ಬಿಸಿಯೇರಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಗಾಳಿಯಿಂದಲೇ ತಣ್ಣಗಾಗಬೇಕಾದ ಎಂಜಿನ್ನಿಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನದಟ್ಟಣೆಯಲ್ಲಿ ಗಾಳಿ ಎಲ್ಲಿಂದ ಬರಬೇಕು?

ಕಿಡಿಯ ವಿಷಯ ಬೇರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ಹುಟ್ಟಿದ ಜಾವಾ, ಯೆಜ್ದಿಗಳು ಈಗಲೂ ಈ ಬಡಾವಣೆಗಳಲ್ಲಿ ಓಡುತ್ತಿವೆ. ಕಿಕ್ಕರ್ ಮತ್ತು ಗೇರು ಎರಡಕ್ಕೂ ಒಂದೇ ಲಿವರ್ ಇರುವ ಆ ವಿಚಿತ್ರ ಬೈಕಿನಲ್ಲಿ ಕಾಂಟ್ಯಾಕ್ಟ್ ಬ್ರೇಕರ್ ಪಾಯಿಂಟು ತೆರೆಯುವ ಕ್ಷಣವೇ ಕಿಡಿಯ ಕ್ಷಣ. ಪಾಯಿಂಟಿನ ಹಿಮ್ಮಡಿ ಸವೆದಂತೆ ಗ್ಯಾಪು ಕಿರಿದಾಗಿ ಕಿಡಿ ತಡವಾಗುತ್ತದೆ, ಪಿಕಪ್ ಬೀಳುತ್ತದೆ. ಹೊಸ ಬೈಕಿನಿಂದ ಬಿಚ್ಚಿದ ಸಿಡಿಐ, ಅಂದರೆ ಎಲೆಕ್ಟ್ರಾನಿಕ್ ಇಗ್ನಿಷನ್ ಪೆಟ್ಟಿಗೆ, ಹಾಕಿದರೆ ಅಲ್ಲಿ ಸವೆಯುವ ಪಾಯಿಂಟೇ ಇರುವುದಿಲ್ಲ. ಪ್ರಯಾಸವಿಲ್ಲದ ಲಾಭದಂತೆ ಇದು ಕಾಣುತ್ತದೆ, ಆದರೆ ನಿಜವಾದ ಕೈಚಳಕ ಬೇಕಾಗುವುದೂ ಇಲ್ಲೇ. ಹಳೆ ಜಾವಾ 6 ವೋಲ್ಟಿನದು, ಬ್ಯಾಟರಿಯಿಂದ ನಡೆಯುವ ಈಗಿನ ಸಿಡಿಐಗೆ 12 ಬೇಕು. ಅದಕ್ಕಿಂತ ಸೂಕ್ಷ್ಮವಾದದ್ದು ಟೈಮಿಂಗ್. ಫೋರ್ ಸ್ಟ್ರೋಕ್ ಬೈಕಿನ ಸಿಡಿಐ ವೇಗ ಏರಿದಂತೆ ಕಿಡಿಯನ್ನು ಮುಂಚಿತವಾಗಿ ಕೊಡುತ್ತಾ ಹೋಗುತ್ತದೆ. ಯೆಜ್ದಿಯಂಥ ಟೂ ಸ್ಟ್ರೋಕಿಗೆ ಅದು ಒಗ್ಗುವುದಿಲ್ಲ. ಊರೊಳಗೆ ಸುಖವಾಗಿ ಓಡಿದ ಬೈಕು ಕನಕಪುರ ರಸ್ತೆಯಲ್ಲಿ ಎಳೆದು ಓಡಿಸಿದಾಗ ಪಿಸ್ಟನ್ನಿಗೆ ತೂತು ಬೀಳಬಹುದು. ಕೂತಿತು ಅಂದಮಾತ್ರಕ್ಕೆ ಹೊಂದಿತು ಅಂತಲ್ಲ. ಕಾಸ್ಟ್ ಐರನ್ ಎಂಜಿನ್ನಿನ ಹಳೆ ಬುಲೆಟ್ಟಿನವರಿಗೆ ಬೇರೆ ಭಾಗ್ಯವಿದೆ. ಅದರ ಗೇರ್ ಬಾಕ್ಸು ಎಂಜಿನ್ನಿನ ಹಿಂದೆ ಬೇರೆಯೇ ಪೆಟ್ಟಿಗೆಯಾಗಿ ನಿಂತಿರುವುದರಿಂದ ನಾಲ್ಕು ಗೇರಿನದನ್ನು ಇಳಿಸಿ, ನಂತರದ ಬುಲೆಟ್ಟಿನ ಐದು ಗೇರಿನದನ್ನು ಏರಿಸುವ ರೂಢಿ ಬೆಳೆದಿದೆ. ಎಂಜಿನ್ನು ಮೊದಲಿನಷ್ಟೇ ದುಡಿಯುತ್ತದೆ, ಹೆದ್ದಾರಿಯಲ್ಲಿ ಏದುಸಿರು ಬಿಡುವುದು ಕಡಿಮೆಯಾಗುತ್ತದೆ.

ಇನ್ನೊಬ್ಬರು ಸವೆಸಿದ್ದನ್ನು ದುಡ್ಡು ಕೊಟ್ಟು ತರುವುದೇಕೆ ಎಂಬ ಆಕ್ಷೇಪ ಸಹಜ. ಆದರೆ ತಯಾರಿ ನಿಂತ ಬೈಕಿಗೆ ಡಬ್ಬದಲ್ಲಿ ಹೊಳೆಯುತ್ತಾ ಸಿಗುವುದೆಲ್ಲ ಕಂಪನಿಯ ಮಾಲಲ್ಲ. ನಕಲಿನ ಲೋಹ ಎಂಥದ್ದೆಂದು ಓಡಿಸಿಯೇ ತಿಳಿಯಬೇಕು. ಬಳಸಿದ ಅಸಲಿ ಭಾಗವನ್ನಾದರೋ ಅಳೆಯಬಹುದು. ಬೋರು ಹೆಚ್ಚು ಸವೆಯುವುದು ಮೇಲಿನ ರಿಂಗು ದಿಕ್ಕು ಬದಲಿಸುವ ಜಾಗದಲ್ಲಿ. ಮೇಲೆ, ನಡುವೆ, ಕೆಳಗೆ, ಪ್ರತಿ ಮಟ್ಟದಲ್ಲೂ ಉದ್ದಕ್ಕೆ ಮತ್ತು ಅಡ್ಡಕ್ಕೆ ಗೇಜು ಹಿಡಿದರೆ ಬ್ಲಾಕು ಅಂಡಾಕಾರವಾಗಿದೆಯೋ ಲಾಳಿಕೆಯಂತೆ ಇಳಿಜಾರಾಗಿದೆಯೋ ಗೊತ್ತಾಗುತ್ತದೆ. ಓವರ್‌ಸೈಜ್ ಪಿಸ್ಟನ್ನುಗಳು ಕಾಲು ಮಿಲಿಮೀಟರಿನ ಲೆಕ್ಕದಲ್ಲಿ ಬರುವುದರಿಂದ ಇನ್ನೆಷ್ಟು ಸಲ ಬೋರ್ ಮಾಡಿಸಬಹುದು ಎಂಬ ಆಯುಷ್ಯವೂ ಅಲ್ಲೇ ತಿಳಿಯುತ್ತದೆ. ಶಿವಾಜಿನಗರದ ಗುಜರಿಯಲ್ಲಿ ಕೈಬೆರಳು ಆಡಿಸಿಯೇ ತೀರ್ಪು ಕೊಡುವವರಿದ್ದಾರೆ. ಬೆರಳಿಗೆ ಗೌರವ ಕೊಡೋಣ, ದುಡ್ಡು ಮಾತ್ರ ಗೇಜು ನೋಡಿದ ಮೇಲೆ ಕೊಡೋಣ. ಕಳವಿನ ಮಾಲಿನ ಭಯವೂ ಸುಳ್ಳಲ್ಲ. ನಂಬರು ಉಜ್ಜಿದ ಕ್ರ್ಯಾಂಕ್‌ಕೇಸು ಎಷ್ಟೇ ಅಗ್ಗವಾಗಿದ್ದರೂ ಬೇಡ.

ಹೊಗೆಯ ಆಕ್ಷೇಪಕ್ಕೆ ಉತ್ತರ ಅಷ್ಟು ಸಮಾಧಾನಕರವಾಗಿಲ್ಲ. ಟೂ ಸ್ಟ್ರೋಕ್ ಎಂಜಿನ್ನು ಪೆಟ್ರೋಲಿನಲ್ಲಿ ಒಂದಿಷ್ಟನ್ನು ಉರಿಸದೆಯೇ ಸೈಲೆನ್ಸರಿಗೆ ಚೆಲ್ಲುತ್ತದೆ, ಅದು ಅದರ ಹುಟ್ಟುಗುಣ. ಯಾವ ಸಿಡಿಐಯೂ ಅದನ್ನು ಬಿಡಿಸಲಾರದು. ಕಾನೂನಿನ ಮಾತು ಇನ್ನೂ ಬಿಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪತ್ರವಾದ ಆರ್‌ಸಿಯ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಆರ್‌ಸಿಯಲ್ಲಿ ಸಿಸಿ ನಮೂದಾಗಿರುತ್ತದೆ. ಪಾಯಿಂಟು ಹೋಗಿ ಸಿಡಿಐ ಬಂದರೆ ಆ ಅಂಕಿ ಕದಲುವುದಿಲ್ಲ. 98 ಹೋಗಿ 132 ಬಂದರೆ ಆರ್‌ಸಿಯೇ ಸುಳ್ಳಾಗುತ್ತದೆ. ಹದಿನೈದು ವರ್ಷ ದಾಟಿದ ಜಯನಗರದ ಕೆಎ 05 ಬೈಕು ನೋಂದಣಿ ನವೀಕರಣಕ್ಕೆ ಹೋದಾಗ ತಾಳೆ ನೋಡುವುದು ಎಂಜಿನ್ ಮತ್ತು ಚಾಸಿ ನಂಬರುಗಳನ್ನು, ಬೋರಿಗೆ ಅಲ್ಲಿ ಯಾರೂ ಗೇಜು ಹಿಡಿಯುವುದಿಲ್ಲ. ಅಪಘಾತದ ನಂತರ ವಿಮೆಯ ಸರ್ವೇಯರ್ ಹೆಡ್ ಬಿಚ್ಚಿಸಿದರೆ ಮಾತ್ರ ಆ 58 ಮಿಲಿಮೀಟರು ಹೊರಬರುತ್ತದೆ.