ತೆನೆ ಹಬ್ಬದ ಹೊತ್ತಿಗೆ ಅಮದಳ್ಳಿ

ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನದ ಹಬ್ಬ. ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಅದು ತೆನೆ ಹಬ್ಬವೂ ಹೌದು. ಗುರುಗಳು ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ಒಯ್ದು, ಅದರ ಕಾಳನ್ನು ಪಾಯಸಕ್ಕೆ ಬೆರೆಸಿ ಮನೆಮಂದಿಯೆಲ್ಲ ಒಟ್ಟಿಗೆ ಉಣ್ಣುತ್ತೇವೆ. ತೆನೆ ಎಲ್ಲಿಂದ ಬಂತೆಂದು ಮಕ್ಕಳು ಕೇಳಿದರೆ ಗದ್ದೆಯಿಂದ ಎನ್ನುತ್ತೇವೆ. ಕಾರವಾರ ಸೀಮೆಯಲ್ಲಿ ಆ ಉತ್ತರ ಅಷ್ಟು ಸುಲಭವಲ್ಲ. ಏಕೆಂದು ತಿಳಿಯಲು ಅಮದಳ್ಳಿಯ ಕಡೆ ಒಮ್ಮೆ ಹೋಗಿ ಬರೋಣ.

ಕಾರವಾರದಿಂದ ಅಂಕೋಲೆಯ ದಿಕ್ಕಿಗೆ ಹೆದ್ದಾರಿಯಲ್ಲಿ ಬಿಣಗಾ, ಅರ್ಗಾ, ಚೆಂಡಿಯಾ, ತೋಡೂರು ದಾಟಿದರೆ ಅಮದಳ್ಳಿ. ದಾರಿಹೋಕರಿಗೆ ಅದು ವೀರಗಣಪತಿಯ ಊರು. ಒಂದು ಕಡೆ ಸಹ್ಯಾದ್ರಿಯ ಗುಡ್ಡ, ಇನ್ನೊಂದು ಕಡೆ ಅರಬ್ಬಿ ಸಮುದ್ರ, ನಡುವೆ ಕಿರಿದಾದ ಬಯಲು. ಗದ್ದೆ, ತೆಂಗು, ಮನೆ, ರಸ್ತೆ, ಕೊಂಕಣ ರೈಲು ಎಲ್ಲವೂ ಅಷ್ಟರಲ್ಲೇ ಹೊಂದಿಕೊಳ್ಳಬೇಕು. ಈ ಭಾಗದಲ್ಲಿ ಹಾಲಕ್ಕಿ ಒಕ್ಕಲಿಗರು ನೆಲ ಉಳುವವರು. ಹರಿಕಂತ್ರರು, ಖಾರ್ವಿಗಳು ಕಡಲಿಗೆ ಇಳಿಯುವವರು. ಹಾಲಕ್ಕಿ ಹೆಂಗಸರು ಬೆಳೆದ ಸೊಪ್ಪು ತರಕಾರಿ ಕಾರವಾರದ ರವಿವಾರ ಸಂತೆಗೆ ಬರುತ್ತದೆ. ಕ್ರೈಸ್ತ ಮನೆಗಳಲ್ಲಿ ಒಳಗೆ ಕೊಂಕಣಿ, ಹೊರಗೆ ಕನ್ನಡ.

ಈ ಊರುಗಳ ಗುಣ ತಿಳಿಯಬೇಕಾದರೆ ರಂಪಣಿಯನ್ನು ಅರಿಯಬೇಕು. ಅದು ದಡದಿಂದ ಎಳೆಯುವ ದೊಡ್ಡ ಬಲೆ. ಹಗ್ಗದ ಒಂದು ತುದಿಯನ್ನು ದಡದಲ್ಲಿ ಬಿಟ್ಟು, ದೋಣಿಯವರು ಬಂಗಡೆ ತಾರ್ಲೆಗಳ ಹಿಂಡನ್ನು ಅರ್ಧ ಸುತ್ತು ಬಳಸಿ, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ಮುಟ್ಟಿಸುತ್ತಾರೆ. ಆಮೇಲೆ ಎರಡೂ ಕಡೆ ಹತ್ತಾರು ಜನ ನಿಂತು ಎಳೆಯಬೇಕು. ಬಲೆ ಒಬ್ಬನದಲ್ಲ, ಸದಸ್ಯರು ತಮ್ಮ ತಮ್ಮ ತುಂಡು ತಂದು ಸೇರಿಸಿ ಕಟ್ಟಿದ್ದು. ಬಂದ ಮೀನೂ ಪಾಲಿಗೆ ತಕ್ಕಂತೆ ಹಂಚಿಕೆ. ಹಗ್ಗ ಹಿಡಿಯಲು ಓಡಿ ಬಂದವನೂ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. 1970ರ ದಶಕದ ನಡುವೆ ಪರ್ಸಿನ್ ಬೋಟುಗಳು ಬಂದು ಮೀನನ್ನು ಆಳದಲ್ಲೇ ಸುತ್ತುಹಾಕಿದ ಮೇಲೆ ದೊಡ್ಡ ರಂಪಣಿಗಳು ಸೊರಗಿದವು. ಬೋಟು ಮೀನು ಹೆಚ್ಚು ತಂದಿತು, ನಿಜ. ಆದರೆ ಹಗ್ಗ ಎಳೆಯಲು ಊರನ್ನು ಕರೆಯುವ ಅಗತ್ಯ ಅದಕ್ಕಿರಲಿಲ್ಲ.

ಎರಡನೆಯ ಪೆಟ್ಟು ನೆಲಕ್ಕೆ ಬಿತ್ತು. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. 2005ರ ಮೇ 31ರಂದು ಐಎನ್‌ಎಸ್ ಕದಂಬ ಸೇವೆಗೆ ಸೇರಿತು. ದೇಶಕ್ಕೆ ಅದು ಬೇಕಿತ್ತೆಂಬುದರಲ್ಲಿ ತಕರಾರಿಲ್ಲ. ಆದರೆ ಕಾರವಾರ, ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಕಡಲದಂಡೆ ಬಿಟ್ಟು ಪುನರ್ವಸತಿ ಕಾಲೊನಿಗಳಿಗೆ ಬಂದವು. ಪರಿಹಾರಕ್ಕಾಗಿ ಹಲವರು ವರ್ಷಗಟ್ಟಲೆ ನ್ಯಾಯಾಲಯ ಅಲೆದರು. ಮೀನುಗಾರರಿಗೆ ಅಮದಳ್ಳಿಯ ಹತ್ತಿರ ಮುದಗಾದಲ್ಲಿ ಬಂದರು ಆಯಿತು. ಹೀಗೆ ಬೇರೆ ಬೇರೆ ಊರಿನವರು ಅಕ್ಕಪಕ್ಕದ ಮನೆಯವರಾದರು. ನಿವೇಶನ ಅಳೆದು ಕೊಡಬಹುದು. ಯಾರ ಮನೆಗೆ ಕೇಳದೆ ಹೋಗಿ ಒಂದು ಹಿಡಿ ಉಪ್ಪು ತರಬಹುದು ಎಂಬುದನ್ನು ಯಾವ ಇಲಾಖೆಯೂ ಅಳೆದು ಕೊಡಲಾರದು. ಅದನ್ನು ಹೆಂಗಸರೇ, ಬೇಲಿಯಾಚೆ ಮಾತಾಡುತ್ತ, ಮತ್ತೆ ಮೊದಲಿನಿಂದ ಕಟ್ಟಬೇಕು.

ಪ್ರಿಯ ಓದುಗರೇ, ತೆನೆಯ ಮಾತಿಗೆ ಮರಳೋಣ. ಗದ್ದೆ ಬಿಟ್ಟು ಬಂದ ಮನೆಗೂ ಹಬ್ಬಕ್ಕೆ ತೆನೆ ಬೇಕು. ಗದ್ದೆ ಉಳಿದವರು ಈ ಸಲ ನಾಲ್ಕು ಹಿಡಿ ಹೆಚ್ಚು ಕೊಯ್ದು ತನ್ನಿ. ಪೂಜೆ ಮುಗಿದ ಮೇಲೆ ನಿಮ್ಮ ಕೇರಿಯ ಹಿರಿಯರೊಬ್ಬರನ್ನು ಕೂರಿಸಿ, ಅವರು ಬಿಟ್ಟು ಬಂದ ಗದ್ದೆಯನ್ನು ಏನೆಂದು ಕರೆಯುತ್ತಿದ್ದರೆಂದು ಮಕ್ಕಳೆದುರು ಕೇಳಿ.