ಮೊಣಕೈ ಮುರಿದಾಗ ಬೆರಳುಗಳನ್ನೂ ನೋಡಿ

ಮಕ್ಕಳೇ, ಮೊಣಕೈಯ ಒಳಬದಿ ಬೆಂಚಿನ ಅಂಚಿಗೆ ತಾಗಿ ಕಿರುಬೆರಳಿನವರೆಗೂ ‘ಜುಮ್’ ಅಂದ ಅನುಭವ ನಿಮ್ಮಲ್ಲಿ ತುಂಬ ಜನಕ್ಕೆ ಇರಬೇಕು. ಕರೆಂಟು ಹೊಡೆದ ಹಾಗೆ ಆಗುತ್ತಲ್ಲ, ಅದು ಮೂಳೆಯ ನೋವಲ್ಲ. ಆ ಜಾಗದಲ್ಲಿ ಚರ್ಮದ ಕೆಳಗೇ, ಮೂಳೆಗೆ ಒತ್ತಿಕೊಂಡು ಹೋಗುವ ಅಲ್ನಾರ್ ನರಕ್ಕೆ ಬಿದ್ದ ಪೆಟ್ಟು. ಪೆಟ್ಟು ಬಿದ್ದದ್ದು ಮೊಣಕೈಗೆ, ಗೊತ್ತಾದದ್ದು ಕಿರುಬೆರಳಿಗೆ! ಬರೀ ತಾಗಿದರೇ ಹೀಗಾದರೆ, ಅಲ್ಲಿಯ ಮೂಳೆಯೇ ಮುರಿದರೆ ನರಗಳಿಗೆ ಏನಾದೀತು?

ಮೂಳೆ ಅಲ್ಲೇ ಏಕೆ ಮುರಿಯುತ್ತದೆ?

ಮರದಿಂದಲೋ ಸೈಕಲ್ಲಿನಿಂದಲೋ ಬೀಳುವಾಗ ನಾವು ಕೈಯನ್ನು ನೇರ ಚಾಚಿ ನೆಲಕ್ಕೆ ಊರುತ್ತೇವೆ. ಮೈಯ ಭಾರವೆಲ್ಲ ಮೊಣಕೈಗೆ ಬರುತ್ತದೆ. ಹ್ಯೂಮರಸ್ ಎಂಬ ತೋಳಿನ ಮೂಳೆ ಮೇಲೆ ದುಂಡಗೆ, ಗಟ್ಟಿಯಾಗಿದೆ. ಆದರೆ ಮೊಣಕೈ ಕೀಲಿನ ಸ್ವಲ್ಪ ಮೇಲೆ ಅದು ಚಪ್ಪಟೆಯಾಗುತ್ತದೆ. ಅಲ್ಲಿ ಹಿಂದೆ ಒಂದು ಕುಳಿ, ಮುಂದೆ ಒಂದು ಕುಳಿ. ಇವೆರಡರ ನಡುವಿನ ಮೂಳೆ ತೀರಾ ತೆಳು. ಮಕ್ಕಳ ಕೀಲುಗಳು ಸಡಿಲವಾಗಿರುವುದರಿಂದ ಚಾಚಿದ ಕೈ ಹಿಂದಕ್ಕೆ ಇನ್ನಷ್ಟು ಬಾಗುತ್ತದೆ. ಆಗ ಮುಂಗೈ ಮೂಳೆಯ ತುದಿ ಹಿಂದಿನ ಕುಳಿಯೊಳಗೆ ಸನ್ನೆಕೋಲಿನ ಹಾಗೆ ಒತ್ತಿ, ತೆಳುವಾದ ಜಾಗವನ್ನೇ ಮುರಿಯುತ್ತದೆ. ಮಕ್ಕಳ ಮೊಣಕೈ ಮುರಿತಗಳಲ್ಲಿ ಇದೇ ಅತಿ ಸಾಮಾನ್ಯ. 5ರಿಂದ 7 ವರ್ಷದವರಲ್ಲಿ ಹೆಚ್ಚು.

ಮೊಣಕೈ ದಾಟಿ ಕೈಗೆ ಹೋಗುವ ಮುಖ್ಯ ನರಗಳು ಮೂರು. ಮುಂದೆ ದೊಡ್ಡ ಅಪಧಮನಿಯ ಜೊತೆಗೆ ಮೀಡಿಯನ್ ನರ, ಹೊರಬದಿಯಲ್ಲಿ ರೇಡಿಯಲ್ ನರ, ಒಳಬದಿಯಲ್ಲಿ ಹಿಂದೆ ಅಲ್ನಾರ್ ನರ. ಮುರಿದ ಮೂಳೆಯ ಚೂಪು ತುದಿ ಮುಂದಕ್ಕೆ ನುಗ್ಗಿದರೆ ಮೀಡಿಯನ್ ನರವನ್ನು, ಅದರಲ್ಲೂ ಅದರ ಒಂದು ಕವಲನ್ನು ಎಳೆಯಬಹುದು, ಜಜ್ಜಬಹುದು. ಮಡಿಸಿದ ಮೊಣಕೈಯ ಮೇಲೇ ಬಿದ್ದಾಗ ಅಲ್ನಾರ್ ನರಕ್ಕೆ ಅಪಾಯ ಜಾಸ್ತಿ. ಮುರಿದ ತುಂಡು ಜಾಗ ಬಿಟ್ಟು ಜಾರಿದ್ದರೆ, ಇಂಥ 10 ಮಕ್ಕಳಲ್ಲಿ ಸುಮಾರು ಒಬ್ಬರಿಗೆ ನರದ ತೊಂದರೆ ಇರುತ್ತದೆ.

ಆಟವೇ ಪರೀಕ್ಷೆ

ಎಕ್ಸ್-ರೇಯಲ್ಲಿ ಮೂಳೆ ಕಾಣುತ್ತದೆ, ನರ ಕಾಣುವುದಿಲ್ಲ. ನೋವಿನಿಂದ ಅಳುವ ಸಣ್ಣ ಮಗುವಿಗೆ ‘ಇಲ್ಲಿ ಜೋಮು ಹಿಡಿದಿದೆ’ ಅಂತ ಹೇಳೋಕೂ ಬರುವುದಿಲ್ಲ. ಅದಕ್ಕೇ ವೈದ್ಯರು ಕಲ್ಲು–ಕಾಗದ–ಕತ್ತರಿ ಆಟ ಆಡಿಸುತ್ತಾರೆ. ನಿಮ್ಮ ಕೈಯಲ್ಲೇ ಮಾಡಿ ನೋಡಿ:

ಕಲ್ಲು: ಮುಷ್ಟಿ ಬಿಗಿಯಿರಿ. ಇದು ಮುಖ್ಯವಾಗಿ ಮೀಡಿಯನ್ ನರದ ಕೆಲಸ.
ಕಾಗದ: ಮಣಿಕಟ್ಟನ್ನೂ ಬೆರಳುಗಳನ್ನೂ ಮೇಲಕ್ಕೆ ಚಾಚಿ. ಇದು ರೇಡಿಯಲ್ ನರದ್ದು.
ಕತ್ತರಿ: ತೋರುಬೆರಳು, ನಡುಬೆರಳುಗಳನ್ನು ಅಗಲಿಸಿ. ಇದು ಅಲ್ನಾರ್ ನರದ್ದು.

ನಾಲ್ಕನೆಯದು ‘ಓಕೆ’ ಗುರುತು. ಹೆಬ್ಬೆರಳು, ತೋರುಬೆರಳುಗಳ ತುದಿ ಕೂಡಿಸಿ ದುಂಡು ಮಾಡಿ. ಮೀಡಿಯನ್ ನರದ ಆ ಕವಲಿಗೆ ಪೆಟ್ಟಾಗಿದ್ದರೆ ಬೆರಳ ತುದಿಗಳು ಮಡಿಯುವುದಿಲ್ಲ, ದುಂಡು ಚಪ್ಪಟೆಯಾಗುತ್ತದೆ. ಈ ಕವಲು ಚರ್ಮಕ್ಕೆ ಹೋಗುವುದೇ ಇಲ್ಲ. ಹಾಗಾಗಿ ಎಲ್ಲಿ ಮುಟ್ಟಿದರೂ ಗೊತ್ತಾಗುತ್ತದೆ, ತೊಂದರೆ ಮಾತ್ರ ಅಡಗಿರುತ್ತದೆ. ಕೇಳಿದರೆ ಸಾಲದು, ಬೆರಳು ಮಡಿಸಿ ತೋರಿಸಬೇಕು.

ನಮ್ಮ ಗಡಿನಾಡಿನ ಮಕ್ಕಳಿಗೆ ಇದರಲ್ಲಿ ಇನ್ನೊಂದು ಅನುಕೂಲ ಇದೆ. ವೈದ್ಯರ ಮಾತು ಮಲಯಾಳವೋ, ತಮಿಳೋ, ಮರಾಠಿಯೋ, ತೆಲುಗೋ ಆಗಿರಬಹುದು. ಕಲ್ಲು, ಕಾಗದ, ಕತ್ತರಿಗೆ ಭಾಷೆ ಬೇಡ. ಮೂಳೆ ಕೂಡಿಸುವ ಮೊದಲೇ ಈ ಪರೀಕ್ಷೆ ಆಗಬೇಕು. ಇಲ್ಲದಿದ್ದರೆ ನರಕ್ಕೆ ಪೆಟ್ಟಾದದ್ದು ಬಿದ್ದಾಗಲೋ ಚಿಕಿತ್ಸೆಯಲ್ಲೋ ಎಂದು ಆಮೇಲೆ ಗೊತ್ತಾಗುವುದಿಲ್ಲ.

ನರ ಮತ್ತೆ ಸರಿಹೋಗುತ್ತದೆಯೇ?

ಹೆಚ್ಚಿನ ಮಕ್ಕಳಲ್ಲಿ ಹೋಗುತ್ತದೆ. ನರವೆಂದರೆ ಒಂದೇ ತಂತಿಯಲ್ಲ. ತೆಂಗಿನ ನಾರಿನ ಹಗ್ಗದಂತೆ ಸಾವಿರಾರು ಎಳೆಗಳ ಕಟ್ಟು. ಬ್ರಿಟನ್ನಿನ ವೈದ್ಯ ಹರ್ಬರ್ಟ್ ಸೆಡನ್ 1943ರಲ್ಲಿ ನರದ ಪೆಟ್ಟುಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಮೊದಲನೆಯದರಲ್ಲಿ ಎಳೆಗಳು ತುಂಡಾಗಿಲ್ಲ, ಸಂದೇಶ ಮಾತ್ರ ನಿಂತಿದೆ. ವಾರಗಳಲ್ಲೋ ಎರಡು ಮೂರು ತಿಂಗಳಲ್ಲೋ ತಾನಾಗಿ ಸರಿಯಾಗುತ್ತದೆ. ಮಕ್ಕಳ ಮೊಣಕೈ ಮುರಿತದಲ್ಲಿ ಇದೇ ಹೆಚ್ಚು. ಎರಡನೆಯದರಲ್ಲಿ ಒಳಗಿನ ಎಳೆಗಳು ತುಂಡಾಗಿವೆ, ಹೊರಗಿನ ಹೊದಿಕೆ ಉಳಿದಿದೆ. ಆ ಹೊದಿಕೆಯೊಳಗೆ ಹೊಸ ಎಳೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. 10 ಸೆಂಟಿಮೀಟರ್ ದಾಟಲು ಎಷ್ಟು ದಿನ ಬೇಕು? ಲೆಕ್ಕ ಹಾಕಿ. ಮೂರನೆಯದರಲ್ಲಿ ನರವೇ ಪೂರ್ತಿ ತುಂಡು. ಶಸ್ತ್ರಚಿಕಿತ್ಸೆ ಮಾಡಿ ಹೊಲಿಯದೆ ಅದು ಕೂಡದು. ಅದೃಷ್ಟಕ್ಕೆ ಇದು ಅಪರೂಪ.

ಬಿಗಿ ಕಟ್ಟಿನ ಅಪಾಯ

ಮುರಿತಕ್ಕಿಂತ ದೊಡ್ಡ ಕೆಡುಕು ಕೆಲವೊಮ್ಮೆ ಕಟ್ಟಿನಿಂದ ಬರುತ್ತದೆ. ಮುರಿದ ಕೈ ಊದಿಕೊಳ್ಳುತ್ತದೆ. ಬಿದಿರ ದಬ್ಬೆ ಇಟ್ಟು ಬಿಗಿದ ಕಟ್ಟಾಗಲಿ, ಸುತ್ತ ಹಾಕಿದ ಪ್ಲಾಸ್ಟರ್ ಆಗಲಿ ಊತಕ್ಕೆ ಜಾಗ ಕೊಡದಿದ್ದರೆ ಒಳಗೆ ಒತ್ತಡ ಏರಿ ಸ್ನಾಯುಗಳಿಗೂ ನರಗಳಿಗೂ ರಕ್ತ ನಿಲ್ಲುತ್ತದೆ. ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯತೊಡಗುತ್ತದೆ. ಆಮೇಲೆ ಅದು ಗಟ್ಟಿಯಾಗಿ ಕುಗ್ಗಿ ಬೆರಳುಗಳು ಪಂಜದಂತೆ ಮಡಿಚಿಕೊಂಡೇ ಉಳಿಯುತ್ತವೆ. ಇದನ್ನು 1881ರಲ್ಲಿ ವಿವರಿಸಿದವರು ಜರ್ಮನಿಯ ವೈದ್ಯ ರಿಚರ್ಡ್ ಫಾನ್ ಫೋಲ್ಕ್‌ಮನ್.

ಕಟ್ಟು ಹಾಕಿದ ಮೇಲೂ ನೋವು ಏರುತ್ತಲೇ ಇದ್ದರೆ, ಬೆರಳನ್ನು ಮೆಲ್ಲಗೆ ನೇರ ಮಾಡಿದರೂ ಮಗು ಚೀರಿದರೆ, ಬೆರಳು ಬಿಳಿಚಿಕೊಂಡರೆ, ತಣ್ಣಗಾದರೆ ಅಥವಾ ಮರಗಟ್ಟಿದರೆ ‘ಬೆಳಗ್ಗೆ ನೋಡೋಣ’ ಅನ್ನಬಾರದು. ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಲೇಬೇಕು.

ಗೆಳೆಯರು ಬಿದ್ದರೆ

ಕೈ ಎಳೆದು ನೇರ ಮಾಡಬೇಡಿ, ಎಣ್ಣೆ ಹಚ್ಚಿ ಉಜ್ಜಬೇಡಿ. ಬಳೆ, ಉಂಗುರ, ಕೈದಾರ ಇದ್ದರೆ ಊದುವ ಮೊದಲೇ ಮೆಲ್ಲಗೆ ತೆಗೆಯಿರಿ. ಕೈ ಹೇಗಿದೆಯೋ ಹಾಗೇ ರಟ್ಟಿನ ಮೇಲಿಟ್ಟು ಸಡಿಲವಾಗಿ ಬಟ್ಟೆ ಸುತ್ತಿ, ಟೀಚರಿಗೆ ಹೇಳಿ ಆಸ್ಪತ್ರೆಗೆ ಕಳಿಸಿ. ಬೆರಳು ಆಡಿಸೋಕೆ ಆಗುತ್ತಾ, ಮುಟ್ಟಿದ್ದು ಗೊತ್ತಾಗುತ್ತಾ ಅಂತ ಕೇಳಿ ನೆನಪಿಟ್ಟುಕೊಳ್ಳಿ. ನೋವಾದರೆ ಒತ್ತಾಯ ಬೇಡ. ನೀವು ಹೇಳುವ ಆ ಎರಡು ಮಾತು ವೈದ್ಯರಿಗೆ ತುಂಬ ಉಪಯೋಗಕ್ಕೆ ಬರುತ್ತದೆ.