ಕಟ್ಟಡ ಸಾಮಗ್ರಿಗಳ ಗಣಕೀಕೃತ ಪರಿಮಾಣ ಅಂದಾಜು

ಕಟ್ಟಡ ಸಾಮಗ್ರಿಗಳ ಗಣಕೀಕೃತ ಪರಿಮಾಣ ಅಂದಾಜು ಎಂದರೆ ನಿರ್ಮಾಣ ಕಾಮಗಾರಿಯ ನಕ್ಷೆಯನ್ನು ಕಂಪ್ಯೂಟರಿನ ಪರದೆಯ ಮೇಲೆ ಅಳೆದು, ಬೇಕಾಗುವ ಸಿಮೆಂಟ್, ಮರಳು, ಜಲ್ಲಿ, ಕಬ್ಬಿಣ, ಇಟ್ಟಿಗೆ ಮೊದಲಾದವುಗಳ ಪ್ರಮಾಣವನ್ನು ಮುಂಚಿತವಾಗಿ ಲೆಕ್ಕಹಾಕುವ ವಿಧಾನ. ಇದಕ್ಕೆ ಬಳಸುವ ತಂತ್ರಾಂಶವನ್ನು ‘ಟೇಕ್‌ಆಫ್ ತಂತ್ರಾಂಶ’ ಎನ್ನುತ್ತಾರೆ. ಪ್ಲಾನ್‌ಸ್ವಿಫ್ಟ್, ಬ್ಲೂಬೀಮ್ ರೆವು ಮತ್ತು ಆಟೋಡೆಸ್ಕ್ ಟೇಕ್‌ಆಫ್ ಇದಕ್ಕೆ ಉದಾಹರಣೆಗಳು. ತಂತ್ರಾಂಶವು ಅಳತೆ ಮತ್ತು ಗುಣಾಕಾರದ ಶ್ರಮವನ್ನು ಕಡಿಮೆ ಮಾಡುತ್ತದೆ. ಆದರೆ ನಕ್ಷೆಯ ಸ್ಕೇಲ್, ಮಿಶ್ರಣದ ಅನುಪಾತ ಮತ್ತು ಅಳತೆಯ ನಿಯಮಗಳನ್ನು ಬಳಕೆದಾರರೇ ಸರಿಯಾಗಿ ನಮೂದಿಸಬೇಕು.

ಅಳತೆಯ ಬಗೆಗಳು

ಕಾಮಗಾರಿಯ ಸ್ವರೂಪಕ್ಕೆ ತಕ್ಕಂತೆ ಅಳತೆಯ ಬಗೆ ಬದಲಾಗುತ್ತದೆ. ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳಲ್ಲಿ ಈ ವ್ಯತ್ಯಾಸವನ್ನು ಕಾಣಬಹುದು. ಅಡಿಕೆ ಬೆಳೆಯುವ ಚನ್ನಗಿರಿಯಲ್ಲಿ ಅಡಿಕೆ ಒಣಗಿಸುವ ಕಾಂಕ್ರೀಟ್ ಕಣಕ್ಕೆ ವಿಸ್ತೀರ್ಣವನ್ನು ದಪ್ಪದಿಂದ ಗುಣಿಸಬೇಕು. ಹೊನ್ನಾಳಿ ಮತ್ತು ಅದರಿಂದ ಬೇರ್ಪಟ್ಟ ನ್ಯಾಮತಿ ತಾಲ್ಲೂಕುಗಳ ರಸ್ತೆಬದಿಯ ಚರಂಡಿಗೆ ಉದ್ದವನ್ನು ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಬೇಕು. ಜಗಳೂರು ತಾಲ್ಲೂಕಿನ 57 ಕೆರೆಗಳಿಗೆ ತುಂಗಭದ್ರಾ ನದಿಯ ನೀರು ತುಂಬಿಸುವಂತಹ ಯೋಜನೆಗಳಲ್ಲಿ ಕೊಳವೆಯನ್ನು ಉದ್ದದ ಲೆಕ್ಕದಲ್ಲಿ, ಅದನ್ನು ಹೂಳುವ ಕಾಲುವೆಯ ಅಗೆತವನ್ನು ಘನಮೀಟರ್ ಲೆಕ್ಕದಲ್ಲಿ ಅಳೆಯಲಾಗುತ್ತದೆ.

ಕಾರ್ಯವಿಧಾನ

ಮೊದಲು ಪಿಡಿಎಫ್ ಅಥವಾ ಕ್ಯಾಡ್ ನಕ್ಷೆಯನ್ನು ತಂತ್ರಾಂಶದಲ್ಲಿ ತೆರೆದು, ಉದ್ದ ತಿಳಿದಿರುವ ಒಂದು ಗೆರೆಯ ಮೂಲಕ ಸ್ಕೇಲ್ ಹೊಂದಿಸಲಾಗುತ್ತದೆ. ಬಳಿಕ ಗೋಡೆ, ಚಾವಣಿ, ತಳಪಾಯಗಳನ್ನು ಪ್ರತ್ಯೇಕವಾಗಿ ಗುರುತಿಸಿ, ಎತ್ತರ ಅಥವಾ ದಪ್ಪವನ್ನು ಸೇರಿಸಲಾಗುತ್ತದೆ. ದೊರೆತ ಪರಿಮಾಣವನ್ನು ಮಿಶ್ರಣದ ಅನುಪಾತಕ್ಕೆ ಅನುಗುಣವಾಗಿ ಸಾಮಗ್ರಿಗಳಾಗಿ ವಿಂಗಡಿಸಲಾಗುತ್ತದೆ. ಕಂಬಿಯ ತೂಕವನ್ನು ಕಂಡುಹಿಡಿಯಲು, ಮಿಲಿಮೀಟರ್‌ನಲ್ಲಿರುವ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಪ್ರತಿ ಮೀಟರಿನ ತೂಕ ಕಿಲೋಗ್ರಾಂನಲ್ಲಿ ದೊರೆಯುತ್ತದೆ, 12 ಮಿ.ಮೀ. ಕಂಬಿಗೆ ಇದು ಸುಮಾರು 0.89 ಕಿ.ಗ್ರಾಂ.

ಉದಾಹರಣೆ

10 ಮೀಟರ್ ಉದ್ದ, 10 ಮೀಟರ್ ಅಗಲ ಮತ್ತು 100 ಮಿ.ಮೀ. ದಪ್ಪದ ಕಣಕ್ಕೆ 10 ಘನಮೀಟರ್ ಕಾಂಕ್ರೀಟ್ ಬೇಕು. ಒಣ ಸಾಮಗ್ರಿಗೆ ನೀರು ಬೆರೆಸಿ ದಮ್ಮಸು ಮಾಡಿದಾಗ ಗಾತ್ರ ಕುಗ್ಗುವುದರಿಂದ ಇದನ್ನು 1.54ರಿಂದ ಗುಣಿಸುವುದು ವಾಡಿಕೆ. 1:1.5:3 ಮಿಶ್ರಣಕ್ಕೆ 50 ಕಿ.ಗ್ರಾಂ. ತೂಕದ ಸುಮಾರು 81 ಚೀಲ ಸಿಮೆಂಟ್, 4.2 ಘನಮೀಟರ್ ಮರಳು ಮತ್ತು 8.4 ಘನಮೀಟರ್ ಜಲ್ಲಿ ಬೇಕಾಗುತ್ತವೆ. ಪೋಲಾಗುವ ಪ್ರಮಾಣವನ್ನು ಇದಕ್ಕೆ ಪ್ರತ್ಯೇಕವಾಗಿ ಸೇರಿಸಬೇಕು.

ಸ್ಕೇಲ್ ಹೊಂದಿಸುವಾಗ ಉದ್ದದಲ್ಲಿ ಶೇ. 10ರಷ್ಟು ಹೆಚ್ಚಾದರೆ ವಿಸ್ತೀರ್ಣದಲ್ಲಿ ಶೇ. 21ರಷ್ಟು ಹೆಚ್ಚಾಗುತ್ತದೆ. ಆಗ ತಂತ್ರಾಂಶವು ಇದೇ ಕಣಕ್ಕೆ 98 ಚೀಲ ಸಿಮೆಂಟ್ ತೋರಿಸುತ್ತದೆ. ಉಳಿದ 17 ಚೀಲಗಳ ವೆಚ್ಚ ಮಾಲೀಕರ ಮೇಲೆ ಬೀಳುತ್ತದೆ. ಹೆಚ್ಚು ಕಾಲ ದಾಸ್ತಾನಿಟ್ಟ ಸಿಮೆಂಟ್ ತನ್ನ ಬಲವನ್ನೂ ಕಳೆದುಕೊಳ್ಳುತ್ತದೆ.

ಅಳತೆಯ ನಿಯಮಗಳು

ಭಾರತದಲ್ಲಿ ಕಟ್ಟಡ ಕಾಮಗಾರಿಗಳ ಅಳತೆಗೆ ಐಎಸ್ 1200 ಮಾನಕವು ಆಧಾರವಾಗಿದೆ. ಅದರಂತೆ, ಎರಡೂ ಬದಿಗೆ ಒಂದೇ ಬಗೆಯ ಗಾರೆ ಮಾಡುವ ಗೋಡೆಯಲ್ಲಿ 0.5 ಚದರ ಮೀಟರ್‌ವರೆಗಿನ ತೆರಪುಗಳನ್ನು ಕಳೆಯುವುದಿಲ್ಲ, 0.5ರಿಂದ 3 ಚದರ ಮೀಟರ್‌ವರೆಗಿನ ತೆರಪುಗಳನ್ನು ಒಂದು ಬದಿಯಲ್ಲಿ ಮಾತ್ರ ಕಳೆಯಲಾಗುತ್ತದೆ. 1 ಮೀಟರ್ ಅಗಲ, 2.1 ಮೀಟರ್ ಎತ್ತರದ ಬಾಗಿಲಿಗೆ ಕಡಿತ 2.1 ಚದರ ಮೀಟರ್. ಈ ನಿಯಮವನ್ನು ಅಳವಡಿಸದ ತಂತ್ರಾಂಶವು ಎರಡೂ ಬದಿಗಳನ್ನು ಕಳೆದರೆ ಕಡಿತ 4.2 ಚದರ ಮೀಟರ್ ಆಗಿ, ಗುತ್ತಿಗೆದಾರರ ಬಿಲ್ಲು ಕಡಿಮೆಯಾಗುತ್ತದೆ.

ಸರ್ಕಾರಿ ಕಾಮಗಾರಿಗಳು

ಗ್ರಾಮೀಣ ಉದ್ಯೋಗ ಖಾತರಿ ಕಾಮಗಾರಿಗಳ ಅಂದಾಜು ಪಟ್ಟಿಗಾಗಿ ‘ಸೆಕ್ಯೂರ್’ ಎಂಬ ತಂತ್ರಾಂಶವನ್ನು ರೂಪಿಸಲಾಯಿತು. 2005ರ ಉದ್ಯೋಗ ಖಾತರಿ ಕಾಯ್ದೆಯು ಸಾಮಗ್ರಿ ವೆಚ್ಚಕ್ಕೆ ಶೇ. 40ರ ಮಿತಿ ಹಾಕಿದ್ದರಿಂದ, ಪರಿಮಾಣದ ಲೆಕ್ಕವು ಕೂಲಿಯ ಪಾಲಿನ ಮೇಲೂ ಪರಿಣಾಮ ಬೀರುವಂತಾಯಿತು.

ಮಿತಿಗಳು

ನಕ್ಷೆಯಲ್ಲಿ ಇಲ್ಲದ್ದನ್ನು ತಂತ್ರಾಂಶವು ಅಳೆಯಲಾರದು. ಎರೆಮಣ್ಣಿನ ನೆಲದಲ್ಲಿ ತಳಪಾಯವನ್ನು ಹೆಚ್ಚು ಆಳಕ್ಕೆ ಅಗೆಯಬೇಕಾದರೆ ಕಲ್ಲು, ಕಾಂಕ್ರೀಟುಗಳ ಪ್ರಮಾಣವೂ ಬದಲಾಗುತ್ತದೆ. ಆದ್ದರಿಂದ ಸ್ಥಳ ಪರಿಶೀಲನೆಯ ನಂತರ ಅಂದಾಜನ್ನು ಪರಿಷ್ಕರಿಸಿ, ಮುಖ್ಯ ಅಂಶಗಳನ್ನು ಕೈಲೆಕ್ಕದಿಂದ ತಾಳೆ ನೋಡುವುದು ಅಗತ್ಯ.